ಖಾಲಿ ಪಿಸ್ತೂಲಿನ ಹದಿನೈದು ನಿಮಿಷ

ಕಳೆದ ತಿಂಗಳು ನಮ್ಮ ಕಾಲೇಜಿನ ಶೂಟಿಂಗ್ ಗುಂಪಿನಲ್ಲಿ ಒಂದು ಜಗಳ ಆಯ್ತು. ಕಾರಣ ಸಣ್ಣದು: ಪೆಲೆಟ್ ಡಬ್ಬಿ ಖಾಲಿ. ಒಂದು ಡಬ್ಬಿಯಲ್ಲಿ 500 ಪೆಲೆಟ್, ನಾವು 14 ಜನ, ಹಂಚಿದರೆ ತಲೆಗೆ 35. ಏರ್ ಪಿಸ್ತೂಲಿನ ಒಂದು ಪಂದ್ಯಕ್ಕೇ 60 ಹೊಡೆತ ಬೇಕು. ಹೊಸ ಡಬ್ಬಿ ಬರೋವರೆಗೆ ರೂಮಿಗೆ ಬೀಗ ಅಂತಾಗಿ, ಕೀ ಕ್ರೀಡಾ ವಿಭಾಗದ ಡ್ರಾಯರ್ ಸೇರಿತು. "ಪೆಲೆಟ್ಟೇ ಇಲ್ಲ ಅಂದ್ಮೇಲೆ ಇನ್ನೆಂಥ ಪ್ರಾಕ್ಟೀಸ್ ಮಗಾ, ನಡಿ ಕ್ಯಾಂಟೀನಿಗೆ" ಅಂತ ಅರ್ಧ ಗುಂಪು ಎದ್ದು ಹೋಯ್ತು. ಉಳಿದ ಅರ್ಧ ನಾವು. ಈ ಬರಹ ನಮ್ಮ ಕಡೆಯ ವಾದ.

ವಾದ ಇಷ್ಟೇ. ಗುರಿಕಾರರ ಕೈ ಪಳಗುವುದು ಎಷ್ಟು ಗುಂಡು ಹಾರಿಸಿದರು ಎಂಬ ಲೆಕ್ಕದಿಂದಲ್ಲ. ಹೆಚ್ಚಿನ ಪಾಲು ಕಲಿಕೆ ಗುಂಡೇ ಇಲ್ಲದ ಅಭ್ಯಾಸದಲ್ಲಿ ಆಗುತ್ತೆ. ಆದರೆ ಆ ಅಭ್ಯಾಸದಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳಬಾರದು. ಇದನ್ನ ನಮಗೆ ಮನವರಿಕೆ ಮಾಡಿಸಿದ್ದು ನಾವು ಆಡುವ 10 ಮೀಟರ್ ಆಟ ಅಲ್ಲ. ಹಾಸ್ಟೆಲ್ ವೈಫೈ ಕೃಪೆಯಿಂದ ರಾತ್ರಿ ಕೂತು ವಿಡಿಯೋ ನೋಡಿದ ಇನ್ನೊಂದು ಆಟ: ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಾವು ಆಡುವ ಆಟದಲ್ಲಿ ನಿಂತ ಜಾಗದಲ್ಲೇ ನಿಂತು, ಒಂದೇ ಗುರಿಗೆ, ಉಸಿರು ಬಿಗಿಹಿಡಿದು ಹೊಡೀತೀವಿ. ಅಲ್ಲಿ ಹಾಗಲ್ಲ. ಸೊಂಟದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲ್. ಬೀಪ್ ಅಂದ ತಕ್ಷಣ ತೆಗೀಬೇಕು, ಓಡಬೇಕು, ಗೋಡೆಯ ಮರೆಯಿಂದ ಇಣುಕಬೇಕು, ಕಾಗದದ ಗುರಿಗೆ ಸಾಮಾನ್ಯವಾಗಿ ಎರಡೆರಡು ಹೊಡೀಬೇಕು, ಉಕ್ಕಿನ ತಟ್ಟೆ ಬೀಳಿಸಬೇಕು, ನಡುವೆ ಮ್ಯಾಗಜೀನ್ ಬದಲಿಸಬೇಕು. ಇದನ್ನೆಲ್ಲ ನಡೆಸುವ ಸಂಸ್ಥೆ ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷ ಜೆಫ್ ಕೂಪರ್. ಅವರ ಧ್ಯೇಯವಾಕ್ಯ ಲ್ಯಾಟಿನ್‌ನ ಮೂರು ಪದ. ನಮ್ಮ ಮಾತಲ್ಲಿ ನಿಖರತೆ, ಶಕ್ತಿ, ವೇಗ. ಮೂರಕ್ಕೂ ಸಮಪಾಲು.

ಇಂಜಿನಿಯರಿಂಗ್ ಓದುವ ನಮಗೆ ಹುಚ್ಚು ಹಿಡಿಸಿದ್ದು ಅದರ ಅಂಕದ ಲೆಕ್ಕ. ಸಿಕ್ಕ ಅಂಕವನ್ನ ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ, ಬಂದದ್ದು ಹಿಟ್ ಫ್ಯಾಕ್ಟರ್. ಮೈನರ್ ಎಂಬ ವರ್ಗದಲ್ಲಿ ಗುರಿಯ ನಡುಭಾಗ ‘ಎ’ಗೆ 5 ಅಂಕ, ಸುತ್ತಲಿನ ‘ಸಿ’ಗೆ 3, ಅಂಚಿನ ‘ಡಿ’ಗೆ 1. ಗುರಿ ತಪ್ಪಿದರೆ 10 ಅಂಕ ಕಡಿತ.

ಒಂದು ಉದಾಹರಣೆ ತಗೊಳ್ಳೋಣ. ಕೂಪರ್ ಹೆಸರಿನ ಜೊತೆ ಬೆಸೆದುಕೊಂಡ ‘ಎಲ್ ಪ್ರೆಸಿಡೆಂಟೆ’ ಅನ್ನೋ ಅಭ್ಯಾಸ ಇದೆ. ಮೂರು ಗುರಿಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಬೀಪ್ ಆದಾಗ ತಿರುಗಿ, ಪಿಸ್ತೂಲ್ ತೆಗೆದು, ಮೂರಕ್ಕೂ ಎರಡೆರಡು. ಮ್ಯಾಗಜೀನ್ ಬದಲಿಸಿ, ಮತ್ತೆ ಎರಡೆರಡು. ಒಟ್ಟು 12 ಗುಂಡು, ಗರಿಷ್ಠ 60 ಅಂಕ. ಮೂವರು ಹೊಡೆದರು ಅಂದುಕೊಳ್ಳಿ. ಮೊದಲನೆಯವನು ನಿಧಾನಿ, ಹನ್ನೆರಡೂ ‘ಎ’, 10 ಸೆಕೆಂಡು: 60 ಭಾಗಿಸು 10, ಹಿಟ್ ಫ್ಯಾಕ್ಟರ್ 6. ಎರಡನೆಯವಳು 8 ಸೆಕೆಂಡಿನಲ್ಲಿ ಎಂಟು ‘ಎ’, ನಾಲ್ಕು ‘ಸಿ’: 52 ಭಾಗಿಸು 8, ಅಂದರೆ 6.5. ಮೂರನೆಯವನು ನಮ್ಮ ಹಾಗೆ ಆವೇಶದವನು: 6 ಸೆಕೆಂಡಿನಲ್ಲಿ ಮುಗಿಸಿದ, ಆರು ‘ಎ’, ಮೂರು ‘ಸಿ’, ಒಂದು ‘ಡಿ’, ಎರಡು ಗುರಿ ತಪ್ಪಿತು. 40 ಅಂಕದಲ್ಲಿ 20 ಕಡಿತ, ಉಳಿದ 20 ಭಾಗಿಸು 6, ಅಂದರೆ 3.33. ಗೆದ್ದವಳು ಎರಡನೆಯವಳು. ಅತಿ ನಿಧಾನವೂ ಸೋಲುತ್ತೆ, ಬರೀ ಅವಸರ ಮಣ್ಣು ಮುಕ್ಕುತ್ತೆ.

ಈಗ ಆ 8 ಸೆಕೆಂಡನ್ನ ಬಿಡಿಸಿ ನೋಡಿ. ಒಂದೇ ಗುರಿಗೆ ಹೊಡೆಯುವ ಎರಡು ಗುಂಡುಗಳ ನಡುವಿನ ಅಂತರ ಕಾಲು ಸೆಕೆಂಡು ಅಂತ ಇಟ್ಟುಕೊಳ್ಳೋಣ. ಪಳಗಿದವರಿಗೆ ಹತ್ತಿರದ ಗುರಿಗೆ ಅಷ್ಟೂ ಬೇಡ. ಇಂಥ ಜೋಡಿ ಆರು. ಒಟ್ಟು 1.5 ಸೆಕೆಂಡು. ಉಳಿದ 6.5 ಸೆಕೆಂಡು ಎಲ್ಲಿ ಹೋಯ್ತು? ತಿರುಗೋದು, ಹಿಡಿ ಸಿಗಿಸೋದು, ಪಿಸ್ತೂಲನ್ನ ಕಣ್ಣಿನ ನೇರಕ್ಕೆ ತರೋದು, ಒಂದು ಗುರಿಯಿಂದ ಇನ್ನೊಂದಕ್ಕೆ ಹೊರಳೋದು, ಮ್ಯಾಗಜೀನ್ ಬದಲಿಸೋದು. ಇದರಲ್ಲಿ ಯಾವುದಕ್ಕೆ ಗುಂಡು ಬೇಕು ಹೇಳಿ? ಒಂದಕ್ಕೂ ಬೇಡ.

ಅದಕ್ಕೇ ಆ ಆಟದ ಜನ ಡ್ರೈ ಫೈರ್ ಅಂದರೆ ಪ್ರಾಣ ಬಿಡ್ತಾರೆ. ಅಮೆರಿಕದ ಬೆನ್ ಸ್ಟೋಗರ್‌ನಂಥ ಚಾಂಪಿಯನ್ನರು ಇದೊಂದರ ಮೇಲೇ ಪುಸ್ತಕ ಬರೆದಿದ್ದಾರೆ. ವಿಧಾನ ಸರಳ. ಪಿಸ್ತೂಲ್ ಖಾಲಿ. ಗೋಡೆ ಮೇಲೆ ಸಣ್ಣದಾಗಿ ಕತ್ತರಿಸಿದ ಕಾಗದದ ಗುರಿ. ಗುರಿ ಚಿಕ್ಕದಾದಷ್ಟೂ ನಾಲ್ಕು ಹೆಜ್ಜೆ ದೂರವೇ ಮೈದಾನದ ದೂರದ ಹಾಗೆ ಕಾಣುತ್ತೆ. ಟೈಮರ್‌ನಲ್ಲಿ ಎರಡು ಬೀಪ್: ಮೊದಲನೆಯದು ಶುರು, ಎರಡನೆಯದು ಗಡುವು. ಅದಕ್ಕೆ ಪಾರ್ ಟೈಮ್ ಅಂತಾರೆ. ಇವತ್ತು 2 ಸೆಕೆಂಡಿನೊಳಗೆ ತೆಗೆದು ಸರಿಯಾಗಿ ಗುರಿ ಹಿಡಿಯಲು ಹತ್ತರಲ್ಲಿ ಒಂಬತ್ತು ಸಲ ಸಾಧ್ಯವಾದರೆ ನಾಳೆ 1.9. ಆಗಲಿಲ್ಲವೋ, ಅಲ್ಲೇ ನಿಲ್ಲು.

ಕೇಳೋಕೆ ಸುಲಭ. ಕಷ್ಟ ಇರೋದು ‘ಸರಿಯಾಗಿ’ ಅನ್ನೋ ಪದದಲ್ಲಿ. ಗುಂಡು ಹಾರಿದರೆ ಕಾಗದದಲ್ಲಿ ತೂತು ಬೀಳುತ್ತೆ, ಸುಳ್ಳು ಹೇಳೋಕಾಗಲ್ಲ. ಖಾಲಿ ಪಿಸ್ತೂಲಿನಲ್ಲಿ ‘ಟಕ್’ ಅನ್ನೋ ಶಬ್ದ ಬಿಟ್ಟರೆ ಸಾಕ್ಷಿಯೇ ಇಲ್ಲ. ಟ್ರಿಗರ್ ಒತ್ತಿದ ಆ ಗಳಿಗೆಯಲ್ಲಿ ಸೈಟ್ ಅಲುಗಿತಾ? ಗಡುವು ಮುಟ್ಟೋ ಆಸೆಗೆ ಹಿಡಿ ಸಿಗೋ ಮುಂಚೆನೇ ಒತ್ತಿದೆವಾ? ನೋಡಿದವರು ನಾವೊಬ್ಬರೇ. ಅಂಕ ಹಾಕಿಕೊಳ್ಳುವವರೂ ನಾವೇ. ಲ್ಯಾಬ್ ರೆಕಾರ್ಡಿಗೆ ರೀಡಿಂಗ್ ‘ಅಡ್ಜಸ್ಟ್’ ಮಾಡಿ ಅಭ್ಯಾಸ ಇರೋ ನಮಗೆ ಇದೆಷ್ಟು ದೊಡ್ಡ ಪರೀಕ್ಷೆ ಅಂತ ಬಿಡಿಸಿ ಹೇಳಬೇಕಾ?

ನಮಗೇ ಆದ ಕಥೆ ಹೇಳ್ತೀವಿ. ಹೋದ ಸೆಮಿಸ್ಟರ್‌ನಲ್ಲಿ ನಮ್ಮಲ್ಲಿ ಐದು ಜನ ಆರು ವಾರ ದಿನಕ್ಕೆ ಹದಿನೈದು ನಿಮಿಷ ಖಾಲಿ ಅಭ್ಯಾಸ ಮಾಡಿದೆವು. ನಮ್ಮದು ಏರ್ ಪಿಸ್ತೂಲ್, ಹೋಲ್‌ಸ್ಟರ್ ಇಲ್ಲ, ಓಟ ಇಲ್ಲ. ಆದರೂ ಕೈ ಎತ್ತೋದು, ಸೈಟ್ ನಿಲ್ಲಿಸೋದು, 500 ಗ್ರಾಂ ತೂಕದ ಟ್ರಿಗರನ್ನ ಅಲುಗದ ಹಾಗೆ ಒತ್ತೋದು ಇದ್ದೇ ಇದೆ. ನಮ್ಮ ಗುರಿಯ ಹತ್ತರ ವೃತ್ತದ ಅಗಲ ಬರೀ 11.5 ಮಿಲಿಮೀಟರ್, 10 ಮೀಟರ್ ದೂರದಲ್ಲಿ ಕೂದಲಷ್ಟು ಅಲುಗಿದರೂ ಮುಗೀತು. ಮೊದಲ ಎರಡು ವಾರ ಗುರಿಯೂ ಇಲ್ಲ, ಬರೀ ಬಿಳಿ ಗೋಡೆ. ಕಪ್ಪು ವೃತ್ತ ಕಾಣದಿದ್ದಾಗ ಕಣ್ಣು ಬೇರೆ ದಾರಿಯಿಲ್ಲದೆ ಸೈಟ್ ಮೇಲೆ ಕೂರುತ್ತೆ.

ಆರು ವಾರದ ಮೇಲೆ ಪೆಲೆಟ್ ಹಾಕಿ ಹೊಡೆದಾಗ ಮೂವರಿಗೆ ಹತ್ತು ಹೊಡೆತದ ಸೀರೀಸಿನಲ್ಲಿ ಮೂರು ನಾಲ್ಕು ಅಂಕ ಏರಿತ್ತು. ಒಬ್ಬಳಿಗೆ ಇದ್ದಷ್ಟೇ. ಒಬ್ಬನಿಗೆ ಇಳಿದಿತ್ತು! ಅವನ ಡೈರಿಯಲ್ಲಿ ಮಾತ್ರ ದಿನವೂ ಹತ್ತಕ್ಕೆ ಹತ್ತು. ಕೇಳಿದಾಗ ತಲೆ ಕೆರೆದುಕೊಂಡು ಒಪ್ಪಿಕೊಂಡ: "ಟಕ್ ಅಂತು, ಟಿಕ್ ಹಾಕಿದೆ. ಸೈಟ್ ನೋಡ್ಲಿಲ್ಲ." ಆರು ವಾರ ಅವನು ಅಭ್ಯಾಸ ಮಾಡಿದ್ದು ಕಣ್ಣು ಮುಚ್ಚಿ ಟ್ರಿಗರ್ ಎಳೆಯೋದನ್ನ. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಅಪಸ್ವರ ಹಾಡ್ತಾ ಇದ್ದರೆ ಅಪಸ್ವರವೇ ಗಟ್ಟಿಯಾಗುತ್ತೆ. ನಕ್ಕೆವು, ಆಮೇಲೆ ನಮ್ಮ ನಮ್ಮ ಡೈರಿ ತೆಗೆದು ನೋಡಿಕೊಂಡೆವು. ಪೂರ್ತಿ ಶುದ್ಧವಾದ ಡೈರಿ ಯಾರದ್ದೂ ಇರಲಿಲ್ಲ.

ಅವತ್ತಿಂದ ನಿಯಮ ಬದಲಾಯ್ತು. ಟಕ್ ಅನ್ನೋ ಗಳಿಗೆಯಲ್ಲಿ ಸೈಟ್ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳಬೇಕು: ಎಡ, ಬಲ, ಕೆಳಗೆ, ಸರಿ. ಹೇಳೋಕಾಗದಿದ್ದರೆ ಆ ಹೊಡೆತ ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಪಕ್ಕದವರು ಮೊಬೈಲಿನಲ್ಲಿ ಕೈಯ ವಿಡಿಯೋ ತೆಗೀಬೇಕು. ಒಂದು ವಾರ ಒಂದೇ ದೋಷ ತಿದ್ದಬೇಕು. ಹಿಡಿ, ನಿಲುವು, ಉಸಿರು ಎಲ್ಲವನ್ನ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದು ಹೇಗೆ? ಒಂದು ಸಲಕ್ಕೆ ಒಂದೇ ವೇರಿಯಬಲ್ ಅಂತ ಮೊದಲ ಸೆಮ್‌ನಲ್ಲೇ ಓದಿದ್ದೀವಲ್ಲ.

ಎದುರು ವಾದವೂ ಇದೆ, ನ್ಯಾಯವಾದದ್ದೇ. "ಗುಂಡಿಲ್ಲದ ಅಭ್ಯಾಸದಲ್ಲಿ ರಿಕಾಯಿಲ್ ಇಲ್ಲ, ಪಂದ್ಯದ ಎದೆಬಡಿತ ಇಲ್ಲ, ಅದು ಈಜುಕೊಳದ ದಡದಲ್ಲಿ ಕೈ ಬೀಸಿದ ಹಾಗೆ" ಅಂತಾರೆ ಸೀನಿಯರ್ ಒಬ್ಬರು. ಒಪ್ತೀವಿ. 9 ಎಂಎಂ ಪಿಸ್ತೂಲ್ ಹಿಂದಕ್ಕೆ ಒದೆಯುವಾಗ ಹಿಡಿತ ಹೇಗಿರಬೇಕು ಅನ್ನೋದನ್ನ ಖಾಲಿ ಪಿಸ್ತೂಲ್ ಕಲಿಸಲ್ಲ. ಪ್ರಾಕ್ಟಿಕಲ್ ಶೂಟಿಂಗಿನವರೂ ಮೈದಾನಕ್ಕೆ ಹೋಗಿ ಹೊಡೆದೇ ಹೊಡೀತಾರೆ. ಆದರೆ ಅವರು ಅಲ್ಲಿಗೆ ಹೋಗೋದು ಮನೆಯಲ್ಲಿ ಮಾಡಿದ್ದು ನಿಜವಾ ಸುಳ್ಳಾ ಅಂತ ಪರೀಕ್ಷೆ ಮಾಡೋಕೂ ಹೌದು. ನಮ್ಮ 35 ಪೆಲೆಟ್ಟೂ ಹಾಗೇ ಬಳಕೆಯಾಗಲಿ: ಐದು ಸೈಟ್ ಹೊಂದಿಸೋಕೆ, ಮೂವತ್ತರಲ್ಲಿ ಮೂರು ಸೀರೀಸ್. ತಿಂಗಳಿಗೊಂದು ಇಂಟರ್ನಲ್ಸ್ ಬರೆದ ಹಾಗೆ. ಈಗ ನಾವು ಮಾಡ್ತಿರೋದು ಏನು? ಮೊದಲ ದಿನವೇ 35ನ್ನೂ ಸುರಿದು, ಉಳಿದ ತಿಂಗಳು ಪೆಲೆಟ್ ಇಲ್ಲ ಅಂತ ಗೊಣಗೋದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನೊಂದು ಆಕ್ಷೇಪ ಗೆಳೆಯರದ್ದು: "ಗನ್ನು ಗಿನ್ನು ಅಂತ ಇದೇನ್ರೋ ರೌಡಿಸಂ?" ಅವರಿಗೆ ಒಂದೇ ಮಾತು. ಪ್ರಾಕ್ಟಿಕಲ್ ಶೂಟಿಂಗಿನಲ್ಲಿ ಓಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗಿದ್ದರೆ, ನಳಿಗೆ ಸುರಕ್ಷಿತ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗಿದರೆ, ಪಂದ್ಯದಿಂದಲೇ ಹೊರಗೆ. ವಿಶ್ವ ಚಾಂಪಿಯನ್ ಆದರೂ ಅಷ್ಟೇ. ಪಿಸ್ತೂಲ್ ಮುಟ್ಟಿ ಅಭ್ಯಾಸ ಮಾಡೋಕೆ ಇರುವ ಸೇಫ್ಟಿ ಏರಿಯಾದಲ್ಲಿ ಗುಂಡು ಮುಟ್ಟೋ ಹಾಗೇ ಇಲ್ಲ. ನಮ್ಮ ಖಾಲಿ ಅಭ್ಯಾಸಕ್ಕೂ ಅದೇ ಕಟ್ಟುಪಾಡು: ಪೆಲೆಟ್ ಡಬ್ಬಿ ಬೇರೆ ರೂಮಲ್ಲಿ, ಪಿಸ್ತೂಲ್ ಖಾಲಿ ಅಂತ ಇಬ್ಬರು ನೋಡಬೇಕು, ಹಿಂದೆ ಗಟ್ಟಿ ಗೋಡೆ, ಮುಂದೆ ಯಾರೂ ಸುಳಿಯಬಾರದು. ಮುಗಿದ ಮೇಲೆ "ಇನ್ನೊಂದೇ ಒಂದು" ಅನ್ನೋ ಹಾಗಿಲ್ಲ. ಅಜಾಗರೂಕತೆಗೆ ಜಾಗ ಸಿಗೋದು ಆ ಇನ್ನೊಂದರಲ್ಲೇ. ಹಾಗೇ ಇನ್ನೊಂದು ಮಾತು: ಇದನ್ನ ಓದಿ ಯಾರೂ ಬಂದೂಕು ಹುಡುಕಿಕೊಂಡು ಹೊರಡಬೇಡಿ. ನಮ್ಮ ದೇಶದಲ್ಲಿ ಬಂದೂಕು ಅಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಲೈಸೆನ್ಸು, ವಯಸ್ಸು ಎಲ್ಲ ಇದೆ, ಇರಬೇಕಾದ್ದೇ. ನಮಗೆ ಬೇಕಿರೋದು ಅವರ ಅಭ್ಯಾಸದ ಕ್ರಮ ಮಾತ್ರ.

ಆ ಕ್ರಮ ಬೇರೆ ಆಟಕ್ಕೂ ಒಗ್ಗುತ್ತೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲನ್ನೇ ನೋಡಿ. ಅಲ್ಲಿ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ಕೆಳಗಿಳಿಸಿದ ಕೈಯನ್ನ ಎತ್ತಿ ಮೊದಲ ಗುರಿಗೆ ನಿಲ್ಲಿಸೋದು, ಒಂದರಿಂದ ಒಂದಕ್ಕೆ ಸಾಗೋದು, ಎಲ್ಲ ಖಾಲಿ ಪಿಸ್ತೂಲಿನಲ್ಲೂ ಸಾವಿರ ಸಲ ಮಾಡಬಹುದಾದ ಕೆಲಸ. ನಮ್ಮ ಜೂನಿಯರ್ ಒಬ್ಬಳಿಗೆ ಆ ವಿಭಾಗದ ಮೇಲೆ ಕಣ್ಣಿದೆ. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಇರೋದು 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲ್ ಅಂತ ಗೊತ್ತಾದಾಗ, "ಸರಿ, ಅದನ್ನೇ ಆಡ್ತೀನಿ" ಅಂದಳು. ಬೀಗ ಬಿದ್ದ ರೂಮಿನ ಮುಂದೆ ನಿಂತು ಈ ಮಾತು ಹೇಳಿದಳು ಅನ್ನೋದು ನಮಗೆ ಮರೆಯೋಕಾಗ್ತಿಲ್ಲ. ಎರಡು ವರ್ಷದಲ್ಲಿ ಅವಳ ಕಾಲೇಜೂ ಮುಗಿಯುತ್ತೆ. ಒಂದೊಂದು ಡಬ್ಬಿಗೆ ಕಾಯ್ತಾ ಕೂತರೆ ಆ ಎರಡು ವರ್ಷದಲ್ಲಿ ಅವಳು ಪಿಸ್ತೂಲ್ ಹಿಡಿಯೋ ದಿನ ಎಷ್ಟು? ನಾವು ಲೆಕ್ಕ ಹಾಕಿದೆವು. ಬಂದ ಉತ್ತರ ಅವಳಿಗೆ ಹೇಳಲಿಲ್ಲ.

ಆದ್ದರಿಂದ ಕ್ರೀಡಾ ವಿಭಾಗದ ಸರ್‌ಗೆ ಈ ಪತ್ರಿಕೆಯ ಮೂಲಕ ನಮ್ಮ ಬೇಡಿಕೆ. ಪೆಲೆಟ್ ಬರೋವಾಗ ಬರಲಿ, ಬಜೆಟ್ಟಿನ ಕಷ್ಟ ನಮಗೂ ಅರ್ಥವಾಗುತ್ತೆ. ಸಂಜೆ ಆರರಿಂದ ಏಳರವರೆಗೆ ರೂಮು ತೆರೆದಿರಲಿ. ಗುಂಪಿನ ಇಬ್ಬರು ಹೊಣೆ ಹೊತ್ತು ರಿಜಿಸ್ಟರಿನಲ್ಲಿ ಸಹಿ ಹಾಕ್ತೀವಿ. ನಮ್ಮ ಡೈರಿಗಳನ್ನ ನೋಟಿಸ್ ಬೋರ್ಡಿಗೆ ಹಚ್ಚುತ್ತೀವಿ, ತಪ್ಪಿದ್ದು, ಅಲುಗಿದ್ದು, ಎಲ್ಲ ಸೇರಿ. ಮೂರು ತಿಂಗಳಾದ ಮೇಲೂ ಅಂಕ ಏರದಿದ್ದರೆ ನೀವೇ ಬೀಗ ಹಾಕಿ.

ಕ್ಯಾಂಟೀನಿಗೆ ಹೋದ ಆ ಅರ್ಧ ಗುಂಪಿಗೂ ಒಂದು ಮಾತು: ಟೀ ಕುಡಿದು ಬನ್ನಿ, ಕಾಯ್ತಿರ್ತೀವಿ. ಡಬ್ಬಿ ತರೋದೇನೂ ಬೇಡ. ಒಂದು ನೋಟ್‌ಬುಕ್ ತನ್ನಿ ಸಾಕು.

ಸರ್, ಕೀ ಕೊಡಿ.