ಕೋಲಾರದ ಗಣಿಯೂ ನ್ಯೂಟ್ರಿನೊ ಕಣವೂ

ಗಣಿಯೆಂಬುದು ಮೆಟ್ರಿ, ಕಂಪ್ಲಿ, ಹೊಸಪೇಟೆಗಳ ಕಡೆಯ ಗೃಹಸ್ಥರಿಗೆ ಅಪರಿಚಿತವಾದ ವಿಷಯವಲ್ಲ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರನ್ನೂ ಅದರ ಕೆಂಪು ಧೂಳನ್ನೂ ಕಾಣದವರು ಆ ಪ್ರಾಂತದಲ್ಲಿ ಇರಲಾರರು. ಆದರೆ ಅಲ್ಲಿಯ ಗಣಿಗಾರರು ಬೆಟ್ಟದ ಮೈಯನ್ನು ಮೇಲಿನಿಂದ ಕಡಿಯುವವರು. ಬಂಗಾರವನ್ನು ಅರಸುತ್ತ ನೆಲದೊಳಕ್ಕೆ ಎರಡು ಮೈಲಿಯ ಆಸುಪಾಸಿನವರೆಗೆ ಇಳಿದ ಗಣಿ ಕೋಲಾರದ್ದು. ಬಂಗಾರ ತೀರಿದ ಮೇಲೆ ಅಂತಹ ಬಿಲದಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಈ ತಿಂಗಳು ಆ ಪ್ರಶ್ನೆಯನ್ನೇ ಎತ್ತಿಕೊಳ್ಳಲು ಕಾರಣವುಂಟು. 2025ರ ಆಗಸ್ಟಿನಲ್ಲಿ ಚೀನಾ ದೇಶದ ಜಿಯಾಂಗ್‌ಮೆನ್ ಪ್ರಾಂತದಲ್ಲಿ, ನೆಲದ ಕೆಳಗೆ 700 ಮೀಟರು ಆಳದಲ್ಲಿ, 20,000 ಟನ್ನು ದ್ರವವನ್ನು ತುಂಬಿದ ಒಂದು ಮಹಾಯಂತ್ರವು ನ್ಯೂಟ್ರಿನೊ ಎಂಬ ಕಣದ ಪರೀಕ್ಷೆಗೆ ತೊಡಗಿತು. ಆಕಾಶಮಂಡಲದಲ್ಲಿ ಹುಟ್ಟುವ ಅದೇ ಕಣದ ಗುರುತನ್ನು ಅರುವತ್ತು ವರ್ಷಗಳ ಹಿಂದೆಯೇ ನಮ್ಮ ಕೋಲಾರದಲ್ಲಿ ಹಿಡಿದಿದ್ದರು.

ನ್ಯೂಟ್ರಿನೊ ವಿದ್ಯುದಂಶವಿಲ್ಲದ, ಎಲೆಕ್ಟ್ರಾನಿಗಿಂತಲೂ ಎಷ್ಟೋ ಪಾಲು ಹಗುರಾದ ಕಣ. ಸೂರ್ಯನಿಂದ ಹೊರಟ ಇಂತಹ ಕಣಗಳು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕು ಹಾದುಹೋಗುತ್ತವೆ. ರಾತ್ರಿಯಾದರೂ ಅವಕ್ಕೆ ಬಿಡುವಿಲ್ಲ. ಭೂಮಿಯನ್ನೇ ತೂರಿಕೊಂಡು ನಾವು ಮಲಗಿದ ಮಂಚದ ಕೆಳಗಿನಿಂದ ಬರುತ್ತವೆ. ಇನ್ನೊಂದು ಬಗೆಯ ನ್ಯೂಟ್ರಿನೊಗಳು ವಿಶ್ವಕಿರಣಗಳು ವಾಯುಮಂಡಲವನ್ನು ತಾಗಿದಾಗ ಹುಟ್ಟುತ್ತವೆ. ಇವುಗಳಲ್ಲಿ ಎಲ್ಲೋ ಒಂದು ಬಂಡೆಯೊಳಗಿನ ಪರಮಾಣುವಿಗೆ ಬಡಿದರೆ ಮ್ಯೂಆನ್ ಎಂಬ ಕಣವು ಜನಿಸುವುದು. ಅದನ್ನು ಯಂತ್ರದಿಂದ ಕಾಣಬಹುದು. ತೊಡಕು ಎಲ್ಲಿದೆಯೆಂದರೆ, ಗಾಳಿಯಲ್ಲಿಯೇ ಹುಟ್ಟಿದ ಮ್ಯೂಆನುಗಳು ಅಂಗೈಯಗಲದ ಜಾಗಕ್ಕೆ ಸೆಕೆಂಡಿಗೆ ಒಂದರಂತೆ ಸದಾ ಸುರಿಯುತ್ತಿವೆ. ಹಂಪೆಯ ತೇರಿನ ದಿನ ಆ ಗದ್ದಲದ ನಡುವೆ ಒಬ್ಬರ ಪಿಸುಮಾತನ್ನು ಕೇಳಬೇಕಾದರೆ ಹೇಗೋ ಹಾಗೆ. ಗದ್ದಲ ತಲುಪದ ಕಡೆಗೆ ಹೋಗಬೇಕು. ಎಂದರೆ ಬಂಡೆಯ ಕೆಳಕ್ಕೆ ಇಳಿಯಬೇಕು.

ಕೋಲಾರದಲ್ಲಿ ಈ ಕೆಲಸವನ್ನು 1951ರಲ್ಲಿ ಆರಂಭಿಸಿದವರು ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ ಅವರೇ ಈ ತರುಣ ವಿಜ್ಞಾನಿಯನ್ನು ಗಣಿಗೆ ಕಳುಹಿಸಿದ್ದರು. ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳು ಎಷ್ಟೆಷ್ಟು ಕಡಿಮೆಯಾಗುವುವೆಂದು ಎಣಿಸುತ್ತ ಸಂಸ್ಥೆಯ ವಿಜ್ಞಾನಿಗಳು ವರ್ಷ ವರ್ಷಕ್ಕೆ ಕೆಳಗಿಳಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಸುಮಾರು 9,000 ಅಡಿಯ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ದಾಖಲಾಗಲಿಲ್ಲ. ಬೇರೆಯವರಾಗಿದ್ದರೆ ಬರಿಯ ಪುಟವನ್ನು ನೋಡಿ ಎದೆಗುಂದುತ್ತಿದ್ದರು. ಇವರಿಗಾದರೋ ಆ ಬರಿಯ ಪುಟವೇ ಲಾಭವಾಯಿತು. ಗದ್ದಲ ನಿಂತ ಜಾಗ ಸಿಕ್ಕಿತಷ್ಟೆ!

ಆ ಬಳಿಕ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 7,500 ಅಡಿಯ ಕೆಳಗೆ ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾನಿಲಯದವರೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೂ ಕೂಡಿ ಯಂತ್ರಗಳನ್ನು ಗೋಡೆಯಂತೆ ನಿಲ್ಲಿಸಿದರು. ಮೇಲಿನಿಂದ ಬಂದ ಮ್ಯೂಆನ್ ಆಕಾಶದ್ದಾಗಿರಬಹುದು. ಅಡ್ಡಲಾಗಿ ಬಂದದ್ದು ಅಷ್ಟು ದಪ್ಪ ಬಂಡೆಯನ್ನು ದಾಟಿ ಬರುವುದು ಶಕ್ಯವಿಲ್ಲವಾದುದರಿಂದ, ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊವಿನಿಂದಲೇ ಹುಟ್ಟಿರಬೇಕು. ಯುಕ್ತಿ ಇಷ್ಟೇ. 1965ರ ಆಗಸ್ಟಿನಲ್ಲಿ ಫಲವು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಬಂಗಾರದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಬೇಟೆಯಲ್ಲಿತ್ತು. ಅವರ ಯಂತ್ರವು ಮೊದಲು ಕಂಡಿತು, ನಮ್ಮವರ ಲೇಖನವು ಮೊದಲು ಅಚ್ಚಾಯಿತು. ಕೀರ್ತಿಯನ್ನು ಇಬ್ಬರೂ ಹಂಚಿಕೊಂಡರೆ ಅನ್ಯಾಯವೇನೂ ಇಲ್ಲ.

1980ರಲ್ಲಿ ಅದೇ ಆಳದಲ್ಲಿ 140 ಟನ್ನಿನ ಕಬ್ಬಿಣದ ಯಂತ್ರವನ್ನು ಹೂಡಿ, ಪ್ರೋಟಾನ್ ಕಣವು ಎಂದಾದರೂ ತಾನಾಗಿ ಒಡೆಯುವುದೇ ಎಂದು ಕಾದರು. ಒಡೆದಂತೆ ತೋರಿದ ಕೆಲವು ಗುರುತುಗಳನ್ನು ಬೇರೆ ದೇಶಗಳ ದೊಡ್ಡ ಯಂತ್ರಗಳು ಸಮರ್ಥಿಸಲಿಲ್ಲ. ಅಷ್ಟರಲ್ಲಿ ಗಣಿಗೇ ನಷ್ಟ ಹಿಡಿಯಿತು. 1992ರಲ್ಲಿ ಪ್ರಯೋಗಶಾಲೆಯನ್ನು ಮುಚ್ಚಬೇಕಾಯಿತು. ಆಳದ ಸುರಂಗಗಳಲ್ಲಿ ನೀರು ತುಂಬಿತು. 2001ರ ಫೆಬ್ರುವರಿ 28ರಂದು ಗಣಿಯೂ ನಿಂತು ಸಾವಿರಾರು ಸಂಸಾರಗಳ ಅನ್ನ ಹೋಯಿತು. ಆ ದುಃಖದ ಮುಂದೆ ವಿಜ್ಞಾನಿಗಳ ನಷ್ಟವು ಸಣ್ಣದೆಂದು ಒಪ್ಪಲೇಬೇಕು. ಆದರೂ ಹೇಳಬೇಕಾದುದೊಂದಿದೆ. ನಮ್ಮ ಪ್ರಯೋಗಶಾಲೆಯದು ಬಾಡಿಗೆ ಮನೆಯ ಸಂಸಾರವಾಗಿತ್ತು. ನೀರೆತ್ತುವ ಯಂತ್ರ, ಗಾಳಿ, ದೀಪ, ಇಳಿಯುವ ಲಿಫ್ಟು ಎಲ್ಲವೂ ಬಂಗಾರದ ಲೆಕ್ಕದಲ್ಲಿ ನಡೆದವು. ಮನೆಯೊಡೆಯನು ಕೈಚೆಲ್ಲಿದಾಗ ಬಾಡಿಗೆಯವರೂ ಗಂಟುಮೂಟೆ ಕಟ್ಟಿದರು. ಜಪಾನಿನ ಕಾಮಿಯೋಕದ ಸತುವಿನ ಗಣಿಯಲ್ಲಿಯೂ 2001ರಲ್ಲಿಯೇ ಅದಿರು ತೆಗೆಯುವುದು ನಿಂತಿತು. ಅಲ್ಲಿಯ ಪ್ರಯೋಗಶಾಲೆ ನಿಲ್ಲಲಿಲ್ಲ. ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುವುವೆಂದು 1998ರಲ್ಲಿ ಅಲ್ಲಿ ಕಂಡುದಕ್ಕಾಗಿ ಕಾಜಿತಾ ಅವರಿಗೆ, ಕೆನಡಾದ ಸಡ್ಬರಿಯ ನಿಕ್ಕಲ್ ಗಣಿಯಲ್ಲಿ ದುಡಿದ ಮೆಕ್‌ಡೊನಾಲ್ಡ್ ಅವರೊಡನೆ, 2015ರ ನೊಬೆಲ್ ಬಹುಮಾನವು ದೊರೆಯಿತು.

ಬಿಟ್ಟ ಆಳವನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ತಮಿಳುನಾಡಿನ ಕಥೆಯೇ ಸಾಕ್ಷಿ. ನೀಲಗಿರಿಯ ಸಿಂಗಾರದಲ್ಲಿ ಆನೆ, ಹುಲಿಗಳ ಕಾಡೆಂದು 2009ರಲ್ಲಿ ಅನುಮತಿ ಸಿಗಲಿಲ್ಲ. ತೇಣಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ 50,000 ಟನ್ನು ಕಬ್ಬಿಣದ ಅಯಸ್ಕಾಂತವನ್ನು ನಿಲ್ಲಿಸುವ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿತು. ಮೂರು ಬಗೆಯ ನ್ಯೂಟ್ರಿನೊಗಳಲ್ಲಿ ಯಾವುದು ಹಗುರ, ಯಾವುದು ಭಾರವೆಂಬುದನ್ನು ತಿಳಿಯುವುದು ಅದರ ಗುರಿ. ಈಗ ಚೀನಾದವರು ಬೆನ್ನಟ್ಟಿರುವುದೂ ಅದನ್ನೇ. 2022ರ ಫೆಬ್ರುವರಿಯಲ್ಲಿ ತಮಿಳುನಾಡು ಸರಕಾರವು ಈ ಯೋಜನೆ ಬೇಡವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ನ್ಯೂಟ್ರಿನೊವಿನಿಂದ ವಿಷವೇರುವುದೆಂಬ ಭಯಕ್ಕೆ ಆಧಾರವಿಲ್ಲ. ಅದು ಹೇಗೂ ನಮ್ಮೆಲ್ಲರ ಮೈಯಲ್ಲಿ ಹಾಯುತ್ತಲೇ ಇದೆ. ಆದರೆ ಸಿಡಿಮದ್ದಿನಿಂದ ಒರತೆಗೆ ಏನಾದೀತು, ಹುಲಿಯ ದಾರಿಗೆ ಏನಾದೀತು ಎಂಬ ಪ್ರಶ್ನೆಗಳು ನ್ಯಾಯವಾದವು. ಅವಕ್ಕೆ ಉತ್ತರವು ಕಚೇರಿಯ ಕಾಗದದಲ್ಲಿದ್ದರೆ ಸಾಲದು, ಊರ ಕಟ್ಟೆಯ ಮೇಲೆ ದೊರೆಯಬೇಕು. ಕೋಲಾರದಲ್ಲಿ ಆ ಪ್ರಶ್ನೆಗಳೇ ಏಳುತ್ತಿರಲಿಲ್ಲ, ಬಿಲವು ಮೊದಲೇ ಇತ್ತು.

ತುಂಗಭದ್ರೆಯಾಚೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರಕಾರದ ಬಂಗಾರದ ಗಣಿಯು ಇಂದಿಗೂ ನಡೆಯುತ್ತಿದೆ. ಆಳವು ಕೋಲಾರದಷ್ಟಿಲ್ಲ, ನಿಜ. ಆದರೆ ಜಾದುಗುಡಾದ ಯುರೇನಿಯಂ ಗಣಿಯಲ್ಲಿ 555 ಮೀಟರು ಆಳದಲ್ಲಿಯೇ 2017ರಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದಿರುವರು. ಹಟ್ಟಿಯ ಅದಿರು ತೀರಿದ ದಿನ ನೀರೆತ್ತುವ ಖರ್ಚು ಯಾರದೆಂಬುದನ್ನು, ಗಣಿ ನಡೆಯುತ್ತಿರುವಾಗಲೇ, ರಾಜ್ಯವೂ ಕೇಂದ್ರದ ವಿಜ್ಞಾನ ಇಲಾಖೆಗಳೂ ಕುಳಿತು ಬರೆದಿಡಬಹುದು.