ಕಲ್ಯಾಣ ಕರ್ನಾಟಕದಲ್ಲಿ ಅನಿವಾಸಿ ಬಂಡವಾಳ ಹೂಡಿಕೆ: ಮುಶೈರಿಬ್ ಕನ್ನಡಿಗರ ಮನವಿ ಪತ್ರ

ಮಾನ್ಯ ಅನುಮೋದನಾ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಕತಾರ್‌ನ ದೋಹಾ ನಗರದ ಮುಶೈರಿಬ್‌ನಲ್ಲಿ ದುಡಿಯುತ್ತಿರುವ ಕಲ್ಯಾಣ ಕರ್ನಾಟಕ ಮೂಲದ ಅರ್ಜಿದಾರರು, ಹಿಂದಿನ ಮನವಿಗಳಿಗೆ ಸ್ವೀಕೃತಿ ಚೀಟಿಯ ಹೊರತು ಬೇರೆ ಉತ್ತರ ದೊರೆಯದ ಕಾರಣ, ಅದೇ ಅಹವಾಲನ್ನು ದಾಖಲೆಸಮೇತ ಮತ್ತೆ ಮಂಡಿಸುತ್ತಿದ್ದಾರೆ.

ತೊಗರಿ ಬೇಳೆ ಗಿರಣಿ ಮತ್ತು ಶೀತಲಗೃಹಗಳಿಗಾಗಿ ಸಲ್ಲಿಸಿದ ಅರ್ಜಿಗಳನ್ನು ‘ವಿದೇಶಿ ಹೂಡಿಕೆ’ ಎಂಬ ಷರಾದೊಂದಿಗೆ ಹಿಂದಿರುಗಿಸಲಾಗಿದೆ. ಆದರೆ 2019ರ ವಿದೇಶಿ ವಿನಿಮಯ ನಿರ್ವಹಣೆಯ ಸಾಲೇತರ ಸಾಧನಗಳ ನಿಯಮಗಳ 4ನೇ ಅನುಸೂಚಿಯಂತೆ, ಅನಿವಾಸಿ ಭಾರತೀಯರು ಮರಳಿ ಹೊರದೇಶಕ್ಕೆ ಒಯ್ಯದ ಷರತ್ತಿನ ಮೇಲೆ, ಅಂದರೆ ಅಸಲನ್ನು ದೇಶದಲ್ಲಿಯೇ ಉಳಿಸುವ ಕರಾರಿನ ಮೇಲೆ, ಹೂಡುವ ಹಣವು ದೇಶೀಯ ಹೂಡಿಕೆಗೆ ಸಮಾನವಾದುದು. ನಿಯಮ ಮಾನ್ಯ ಸಮಿತಿಗೆ ತಿಳಿಯದ್ದೇನಲ್ಲ. ತಿಳಿದೂ ಪಾಲಿಸದಿರುವುದೇ ಅರ್ಜಿದಾರರಿಗೆ ಸಹಿಸಲಾಗದ ಸಂಗತಿಯಾಗಿದೆ. ಹಿಂದಿರುಗಿದ ಅರ್ಜಿಗಳು, ಬ್ಯಾಂಕ್ ದೃಢೀಕರಣ, ನಿಯಮದ ಪ್ರತಿ, ಯೋಜನಾ ವರದಿ, ಸ್ವೀಕೃತಿ ಚೀಟಿಗಳು ಮತ್ತು ಪತ್ರವ್ಯವಹಾರವನ್ನು ಅಡಕ 1ರಿಂದ 6ರವರೆಗೆ ಲಗತ್ತಿಸಲಾಗಿದೆ.

ಹೊರಗಿನ ಹಣವನ್ನು ಒಳನಾಡಿಗೆ ತರುವುದು ಹೊಸ ಮಾತಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಟೆಕ್ಸಾಸ್ ರಾಜ್ಯವು ತನ್ನ ಶಾಸನಭವನದ ನಿರ್ಮಾಣಕ್ಕೆ ಪ್ರತಿಯಾಗಿ ಸುಮಾರು 30 ಲಕ್ಷ ಎಕರೆ ಭೂಮಿಯನ್ನು ಬಿಟ್ಟುಕೊಟ್ಟಾಗ, ಆ ಹುಲ್ಲುಗಾವಲಿಗೆ ಬಂಡವಾಳ ಒದಗಿಸಲು 1885ರಲ್ಲಿ ಲಂಡನ್ನಿನಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಕೋಲಾರಕ್ಕೆ ಜಾನ್ ಟೇಲರ್ ಕಂಪನಿಯ ಮೂಲಕ ಬ್ರಿಟಿಷ್ ಹಣ ಬಂದು ಚಿನ್ನದ ಗಣಿಗಳು ಬೆಳೆದವು. 2001ರಲ್ಲಿ ಗಣಿ ಮುಚ್ಚಿದಾಗ ಊರಿನ ಪಾಲಿಗೆ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಕೆಲಸವಿಲ್ಲದ ಕುಟುಂಬಗಳು. ಆ ಹೂಡಿಕೆದಾರರಿಗೆ ಇಲ್ಲದ ನೆಂಟು ಅರ್ಜಿದಾರರಿಗೆ ಯಾದಗಿರಿ, ರಾಯಚೂರುಗಳೊಂದಿಗೆ ಇದೆ.

ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ದೊರೆಯಿತು. ಈ ನಡುವೆ, ಭಾರತದಲ್ಲಿ 1,000 ಕೋಟಿ ಡಾಲರ್ ಹೂಡುವುದಾಗಿ ಕತಾರ್ 2025ರ ಫೆಬ್ರುವರಿಯಲ್ಲಿ ಘೋಷಿಸಿದೆ. ಆ ಹಣದ ಬೆನ್ನುಹತ್ತಿ ದೋಹಾದ ಹೋಟೆಲುಗಳಲ್ಲಿ ಸಭೆ ನಡೆಸುವ ಗಣ್ಯರು, ಪಕ್ಕದ ಬೀದಿಯಲ್ಲೇ ಇರುವ ತಮ್ಮ ನಾಡಿನವರ ಉಳಿತಾಯವನ್ನು ಕಣ್ಣೆತ್ತಿಯೂ ನೋಡಿಲ್ಲವೆಂದು ವಿನಯಪೂರ್ವಕವಾಗಿ ದಾಖಲಿಸಲಾಗುತ್ತಿದೆ.

ಆದುದರಿಂದ ಹಿಂದಿರುಗಿಸಿದ ಅರ್ಜಿಗಳನ್ನು ದೇಶೀಯ ಹೂಡಿಕೆಯೆಂದು ಪರಿಗಣಿಸಿ ಮರುಪರಿಶೀಲಿಸಬೇಕು. ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಅರ್ಜಿ ನಮೂನೆಗಳು ಕನ್ನಡದಲ್ಲಿಯೂ ಸಿಗಬೇಕು, ಸಹಾಯವಾಣಿಯು ಕೊಲ್ಲಿಯ ವಾರದ ರಜೆಗೆ ಹೊಂದಿಕೊಳ್ಳಬೇಕು. ಇದರೊಂದಿಗೆ, ಕೈಗಾರಿಕಾ ನಿವೇಶನ ಪಡೆದೂ ಕಟ್ಟಡ ಆರಂಭಿಸಲಾಗದ ಇಬ್ಬರು ಅರ್ಜಿದಾರರಿಗೆ ದಂಡವಿಲ್ಲದೆ 2 ವರ್ಷಗಳ ಕಾಲಾವಕಾಶ ನೀಡಬೇಕೆಂದೂ ಕೋರಲಾಗಿದೆ. ಅವರ ವಿವರಗಳು ಅಡಕ 7ರಲ್ಲಿವೆ.

ಸಮಸ್ತ ಅರ್ಜಿದಾರರ ಪರವಾಗಿ,
ಮುಶೈರಿಬ್, ದೋಹಾ