ವೈಯಕ್ತಿಕ ಅಭಿಪ್ರಾಯವೆಂಬ ನೆಪ



ವರದಕ್ಷಿಣೆ ವಿರೋಧಿ ಚಳವಳಿಗೂ ಸಲಿಂಗ ಪ್ರೇಮಿಗಳಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಹೊಡೆದು ಬಡಿದು ಹುಡುಗಿಯನ್ನು ಹಸೆಮಣೆ ಏರಿಸುವ ಮನೆಯೇ ಆ ಸಂಬಂಧ. ಹೆಣ್ಣನ್ನು ಪ್ರೀತಿಸುವ ಮಗಳಿಗೆ 'ಮದುವೆಯಾದರೆ ಸರಿಹೋಗುತ್ತದೆ' ಎನ್ನುತ್ತಾರೆ. ಗಂಡನ್ನು ಬಯಸುವ ಮಗನ ಗುಟ್ಟು ಮುಚ್ಚಿಟ್ಟು ಸೊಸೆ ತರುತ್ತಾರೆ, ವರದಕ್ಷಿಣೆಯನ್ನೂ ಎಣಿಸಿಕೊಳ್ಳುತ್ತಾರೆ.

ಇಂಥ ಮನೆಗಳಿಗೆ ನಾಯಕರ ಮಾತು ಬಲ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ಆದರೂ 2011ರಲ್ಲಿ ಕೇಂದ್ರ ಆರೋಗ್ಯ ಸಚಿವರಾಗಿದ್ದ ಕಾಂಗ್ರೆಸ್ಸಿನ ಗುಲಾಂ ನಬಿ ಆಜಾದ್ ಅದನ್ನು ರೋಗವೆಂದರು. ಪ್ರತಿಭಟನೆ ಎದ್ದಾಗ ತಮ್ಮ ಮಾತನ್ನು ತಿರುಚಲಾಗಿದೆ ಎಂದರು. 2014ರವರೆಗೂ ಅದೇ ಖಾತೆಯಲ್ಲಿ ಮುಂದುವರಿದರು. 2013ರಲ್ಲಿ ಬಿಜೆಪಿ ಅಧ್ಯಕ್ಷರಾಗಿದ್ದ ರಾಜನಾಥ್ ಸಿಂಗ್ ಅದು ಅಸಹಜವೆಂದರು. 2018ರಲ್ಲಿ ಸುಪ್ರೀಂ ಕೋರ್ಟು ಅಪರಾಧವಲ್ಲವೆಂದಿತು. ಆಮೇಲೂ ಇಬ್ಬರು ಯುವತಿಯರು ಮನೆ ಬಿಟ್ಟು ಓಡಿಬಂದು ಮದರಾಸು ಹೈಕೋರ್ಟಿನ ಮೊರೆಹೋಗಬೇಕಾಯಿತು; 'ಚಿಕಿತ್ಸೆ'ಯಿಂದ ಬದಲಾಯಿಸುವ ಯತ್ನಗಳನ್ನು ನಿಷೇಧಿಸಬೇಕೆಂದು 2021ರಲ್ಲಿ ಅದು ಆದೇಶಿಸಿತು.

'ಅದು ಅವರ ವೈಯಕ್ತಿಕ ಅಭಿಪ್ರಾಯ' ಎಂದು ಪಕ್ಷಗಳು ಕೈತೊಳೆದುಕೊಳ್ಳುವಂತಿಲ್ಲ. ಟಿಕೆಟ್ಟು ಕೊಟ್ಟದ್ದು ಪಕ್ಷ, ವೇದಿಕೆ ಕೊಟ್ಟದ್ದೂ ಪಕ್ಷ. ಆ ಮಾತನ್ನು ಪಕ್ಷವೇ ಬಹಿರಂಗವಾಗಿ ಖಂಡಿಸಬೇಕು. ಆಡಿದವರು ಅಷ್ಟೇ ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕು. ಮತ್ತೆ ಆಡಿದರೆ ಟಿಕೆಟ್ಟು ನಿಲ್ಲಬೇಕು. ಎದುರು ಪಕ್ಷದವರು ಆಡಿದಾಗ ಮಾತ್ರ ಕೆರಳುವುದು ನಾಟಕ.

ಹೆಂಡತಿಯನ್ನು ಹೊಡೆಯುವುದೂ ಒಂದು ಕಾಲಕ್ಕೆ 'ಮನೆಯ ವಿಷಯ'ವಾಗಿತ್ತು. ನಾವು ಬೀದಿಗಿಳಿದ ಮೇಲೆಯೇ ಅದು ರಾಜಕೀಯ ಪ್ರಶ್ನೆಯಾಯಿತು. ಮತ ಕೇಳಲು ಬಂದವರಿಗೆ ಈ ಪ್ರಶ್ನೆಯನ್ನೂ ಹಾಕೋಣ.